30 ಪೌಂಡ್‌ಗೆ ಕೊಂಡಿದ್ದು ಏನು? ಕ್ಲೇರ್ ಟೋರಿ ಮತ್ತು ಪಿಂಕ್ ಫ್ಲಾಯ್ಡ್: ಒಂದು ಪ್ರಕರಣ ಅಧ್ಯಯನ

1973ರ ಜನವರಿ 21, ಭಾನುವಾರ. ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊದಲ್ಲಿ ಸಂಜೆ 7ರಿಂದ 10ರವರೆಗೆ ಒಂದು ಸೆಷನ್ ಬುಕ್ ಆಗಿತ್ತು. ಕರೆಸಿದ್ದು ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್. ಹಾಡಲು ಬಂದವರು ಕ್ಲೇರ್ ಟೋರಿ. ವಯಸ್ಸು 25. ಸಂಭಾವನೆ 30 ಪೌಂಡ್. ಮಾಮೂಲಿ ದಿನವಾಗಿದ್ದರೆ 15 ಸಿಗುತ್ತಿತ್ತು, ಭಾನುವಾರವಾದ್ದರಿಂದ ಎರಡರಷ್ಟು. ಆ ಸಂಜೆ ಅವರು ಹಾಡಿದ್ದನ್ನು ಇವತ್ತಿಗೂ ಜಗತ್ತು ಕೇಳುತ್ತಿದೆ. 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂನ ಮೊದಲ ಮಗ್ಗುಲು ಮುಗಿಯುವುದೇ ಆ ದನಿಯೊಂದಿಗೆ. ಹಾಡಿನ ಹೆಸರು 'ದ ಗ್ರೇಟ್ ಗಿಗ್ ಇನ್ ದ ಸ್ಕೈ'.

2004ರಲ್ಲಿ ಅದೇ ಟೋರಿ ಪಿಂಕ್ ಫ್ಲಾಯ್ಡ್ ಮತ್ತು ಇಎಂಐ ರೆಕಾರ್ಡ್ ಕಂಪನಿಯ ಮೇಲೆ ಕೇಸು ಹಾಕಿದರು. ನಾನು ಹಾಡಿದ್ದಷ್ಟೇ ಅಲ್ಲ, ಆ ಸಂಗೀತವನ್ನು ಕಟ್ಟಿದ್ದರಲ್ಲೂ ನನ್ನ ಪಾಲಿದೆ ಅನ್ನುವುದು ಅವರ ವಾದ. 2005ರಲ್ಲಿ ರಾಜಿಯಾಯಿತು. ಆಮೇಲೆ ಬಂದ ಪ್ರತಿಗಳಲ್ಲಿ ಸಂಯೋಜಕರ ಜಾಗದಲ್ಲಿ ಎರಡು ಹೆಸರುಗಳಿವೆ: ತಂಡದ ರಿಚರ್ಡ್ ರೈಟ್, ಕ್ಲೇರ್ ಟೋರಿ.

ರಾಕ್ ತಂಡಗಳು ಸ್ಟುಡಿಯೊಗೆ ಹೊರಗಿನ ಕಲಾವಿದರನ್ನು ಕರೆಸುವುದು ತೀರಾ ಸಾಮಾನ್ಯ. ಬಹುತೇಕ ಸಲ ತಕರಾರೇ ಬರುವುದಿಲ್ಲ. ಬಂದು ನುಡಿಸುತ್ತಾರೆ, ಪೇಮೆಂಟ್ ತಗೊಂಡು ಹೋಗುತ್ತಾರೆ. ಈ ಒಂದು ಪ್ರಕರಣ ಮಾತ್ರ ಬೇರೆ ದಾರಿ ಹಿಡಿದಿದ್ದೇಕೆ? ಅದು ಗೊತ್ತಾಗಬೇಕಾದರೆ ಟೋರಿ ಬರುವ ಮೊದಲು ಆ ಹಾಡು ಎಲ್ಲಿತ್ತು ಅನ್ನೋದನ್ನು ನೋಡಬೇಕು.

ಟೋರಿ ಬರುವ ಮೊದಲು

ಆಲ್ಬಂ ರೆಕಾರ್ಡ್ ಆಗುವುದಕ್ಕೆ ಮುಂಚೆಯೇ, 1972ರಲ್ಲಿ, ತಂಡ ಈ ಹಾಡುಗಳನ್ನೆಲ್ಲ ವೇದಿಕೆಯ ಮೇಲೆ ನುಡಿಸುತ್ತಿತ್ತು. ಸಾವಿನ ಬಗ್ಗೆ ಒಂದು ಭಾಗವಿತ್ತು. ಕೀಬೋರ್ಡ್ ನುಡಿಸುವ ರಿಚರ್ಡ್ ರೈಟ್ ಆರ್ಗನ್ ಮೇಲೆ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಒಂದು ಸರಣಿಯನ್ನು ನುಡಿಸುತ್ತಿದ್ದರು. ಅದರ ಮೇಲೆ ಟೇಪ್‌ನಲ್ಲಿ ಬೈಬಲ್ ಓದು ಕೇಳಿಸುತ್ತಿತ್ತು. ಬ್ರಿಟನ್ನಿನ ಪತ್ರಕರ್ತ ಮಾಲ್ಕಮ್ ಮಗರಿಜ್ ಅವರ ಮಾತಿನ ತುಣುಕುಗಳೂ ಇದ್ದವು. ಸ್ಟುಡಿಯೊಗೆ ಬಂದಾಗ ಆರ್ಗನ್ ಜಾಗಕ್ಕೆ ಪಿಯಾನೊ ಬಂತು. ಓದು ತೆಗೆದರು. ನಾಸಾದ ಗಗನಯಾತ್ರಿಗಳ ಸಂಭಾಷಣೆಯ ಟೇಪ್ ಹಾಕಿ ನೋಡಿದರು. ಅದೂ ಒಗ್ಗಲಿಲ್ಲ.

ಪಿಯಾನೊ ಇತ್ತು, ಡ್ರಮ್ಸ್ ಇತ್ತು, ಬೇಸ್ ಇತ್ತು, ಸ್ಲೈಡ್ ಗಿಟಾರ್ ಇತ್ತು. ಕಾರ್ಡ್‌ಗಳ ಓಟ ತುಂಬಾ ಸೊಗಸಾಗಿತ್ತು. ಅದನ್ನು ಯಾರೂ ಅಲ್ಲಗಳೆಯುವುದಿಲ್ಲ, ಟೋರಿ ಕೂಡ. ಆದರೆ ಮೇಲೆ ಹರಿಯುವ ಮೆಲೊಡಿ ಇರಲಿಲ್ಲ. ಅಲ್ಲಿ ಏನು ಬರಬೇಕು ಅಂತ ತಂಡಕ್ಕೆ ಗೊತ್ತಿರಲಿಲ್ಲ. ಆಲ್ಬಂನ ಕೆಲಸ ಮುಗಿಯುವ ಹಂತದಲ್ಲಿ, ಹೆಣ್ಣು ದನಿಯೊಂದು ಇದ್ದರೆ ಹೇಗೆ ಅನ್ನುವ ಯೋಚನೆ ಬಂತು. ಟೋರಿಯ ಹೆಸರು ಹೇಳಿದವರು ಅಬ್ಬೆ ರೋಡ್‌ನ ಎಂಜಿನಿಯರ್ ಅಲನ್ ಪಾರ್ಸನ್ಸ್. ಆಗಿನ ಜನಪ್ರಿಯ ಹಾಡುಗಳನ್ನು ಬೇರೆಯವರಿಂದ ಹಾಡಿಸಿ ಕಡಿಮೆ ಬೆಲೆಗೆ ಮಾರುವ ಕವರ್ ಆಲ್ಬಂಗಳು ಬರುತ್ತಿದ್ದವು. ಅಂಥದ್ದೊಂದರಲ್ಲಿ ಪಾರ್ಸನ್ಸ್ ಇವರ ದನಿ ಕೇಳಿದ್ದರು.

ಟೋರಿ ಆಗ ಹಾಡು ಬರೆಯುತ್ತಿದ್ದರು, ಜೊತೆಗೆ ಸೆಷನ್‌ಗಳಲ್ಲಿ ಹಾಡಿ ಸಂಪಾದಿಸುತ್ತಿದ್ದರು. ಪಿಂಕ್ ಫ್ಲಾಯ್ಡ್ ಅವರ ಮೆಚ್ಚಿನ ತಂಡವೇನೂ ಆಗಿರಲಿಲ್ಲ. ಸ್ಟುಡಿಯೊದಿಂದ ಕರೆ ಬಂದಾಗ ಶನಿವಾರ ಸಂಜೆ ಆಗುವುದಿಲ್ಲ ಅಂದರು. ಅಮೆರಿಕದ ರಾಕ್ ಗಾಯಕ ಚಕ್ ಬೆರಿಯ ಕಾರ್ಯಕ್ರಮಕ್ಕೆ ಟಿಕೆಟ್ ತಗೊಂಡಿದ್ದರು. ಹಾಗಾಗಿ ಸೆಷನ್ ಭಾನುವಾರಕ್ಕೆ ಹೋಯಿತು. ದುಪ್ಪಟ್ಟು ರೇಟು ಬಂದಿದ್ದು ಹೀಗೆ.

ಆ ಸಂಜೆ

ಸೆಷನ್ ಕೆಲಸ ಅಂದರೆ ಸಾಮಾನ್ಯವಾಗಿ ಹೀಗಿರುತ್ತದೆ. ಹೋಗುತ್ತೀರಿ. ಮುಂದೆ ನೊಟೇಷನ್ ಇಡುತ್ತಾರೆ, ಅಥವಾ ಯಾರಾದರೂ ಹಾಡಿ ತೋರಿಸುತ್ತಾರೆ. ಇಲ್ಲಿ ಏರಿಸಿ, ಇಲ್ಲಿ ಇಳಿಸಿ ಅನ್ನುತ್ತಾರೆ. ಅವರ ಮನಸ್ಸಿನಲ್ಲಿರುವುದನ್ನು ನಿಮ್ಮ ಗಂಟಲಿನಿಂದ, ನಿಮ್ಮ ಕೈಯಿಂದ ಹೊರಗೆ ತರುವುದು ನಿಮ್ಮ ಕೆಲಸ. ಅದಕ್ಕೆ ಗಂಟೆ ಲೆಕ್ಕದ ಸಂಬಳ. ಇದರಲ್ಲಿ ಅನ್ಯಾಯ ಏನೂ ಇಲ್ಲ. ಒಳ್ಳೆಯ ಸೆಷನ್ ಕಲಾವಿದರು ತಮ್ಮ ಈ ಕೌಶಲದ ಬಗ್ಗೆ ಹೆಮ್ಮೆ ಪಡುತ್ತಾರೆ, ಪಡಲೇಬೇಕು.

ಟೋರಿಯ ಮುಂದೆ ನೊಟೇಷನ್ ಇರಲಿಲ್ಲ. ಸಾಹಿತ್ಯ ಇರಲಿಲ್ಲ. ಹಾಡಿ ತೋರಿಸುವವರೂ ಇರಲಿಲ್ಲ. ಆಲ್ಬಂನ ವಿಷಯ ಹುಟ್ಟು, ಸಾವು ಇತ್ಯಾದಿ ಅಂತ ಒಂದಿಷ್ಟು ಹೇಳಿದರು, ಟ್ರ್ಯಾಕ್ ಕೇಳಿಸಿದರು. ಮೊದಲಿಗೆ ಅವರು 'ಊ', 'ಬೇಬಿ', 'ಯೆ' ಅಂತ ಆಗಿನ ಸೋಲ್ ಹಾಡುಗಾರಿಕೆಯ ರೀತಿಯಲ್ಲಿ ಶುರು ಮಾಡಿದರು. ಪದಗಳು ಬೇಡ ಅಂದರು ತಂಡದವರು. ಹಾಗಾದರೆ ನಾನೊಂದು ವಾದ್ಯ ಅಂದುಕೊಂಡು ಹಾಡುತ್ತೇನೆ ಅಂತ ಟೋರಿ ತಾವೇ ತೀರ್ಮಾನಿಸಿದರು. ಈ ತೀರ್ಮಾನವೇ ಇಡೀ ಪ್ರಕರಣದ ಬೇರು ಅನ್ನುವುದು ನನ್ನ ಅನಿಸಿಕೆ.

ಒಂದು ಟೇಕ್ ಆಯಿತು. ಇನ್ನೊಂದು ಆಯಿತು. ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿದರು. ಹಾಡಿದ್ದನ್ನೇ ಹಾಡುತ್ತಿದ್ದೇನೆ ಅನ್ನಿಸಿತು ಅವರಿಗೆ. ಹೊರಗೆ ಬಂದು ಕ್ಷಮಿಸಿ ಅಂದರು, ಅತಿಯಾಯಿತೇನೋ ಅನ್ನುವ ಮುಜುಗರದಲ್ಲಿ. ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರು ಬೆರಗಾಗಿದ್ದರು, ಆದರೆ ಅದನ್ನು ಅವರ ಎದುರು ಹೆಚ್ಚು ತೋರಿಸಿಕೊಳ್ಳಲಿಲ್ಲ. ಇದನ್ನೆಲ್ಲಿ ಬಳಸುತ್ತಾರೆ ಅಂದುಕೊಂಡು ಟೋರಿ ಮನೆಗೆ ಹೋದರು. ಈಗ ನಾವು ಕೇಳುವುದು ಆ ಟೇಕ್‌ಗಳಿಂದ ಆಯ್ದು ಜೋಡಿಸಿದ ರೂಪ. ಅದು ಆಲ್ಬಂನಲ್ಲಿದೆ ಅಂತ ಟೋರಿಗೆ ತಿಳಿದಿದ್ದು ರೆಕಾರ್ಡ್ ಅಂಗಡಿಯಲ್ಲಿ, ಕವರ್ ಮೇಲೆ ತಮ್ಮ ಹೆಸರು ನೋಡಿದಾಗ.

ಎಷ್ಟು ಟೇಕ್, ಎಷ್ಟು ದುಡ್ಡು, ಏನು ಸೂಚನೆ ಅನ್ನುವುದರಲ್ಲಿ ಇದ್ದವರ ನೆನಪುಗಳು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಒಂದೇ ಟೇಕ್ ಅಂದವರೂ ಇದ್ದಾರೆ. ಆದರೆ ಒಂದು ಮಾತನ್ನು ಯಾರೂ ಹೇಳಿಲ್ಲ: ಈ ಸ್ವರ ಹಾಡು, ಆಮೇಲೆ ಈ ಸ್ವರಕ್ಕೆ ಹೋಗು ಅಂತ ನಾವು ಹೇಳಿಕೊಟ್ಟೆವು ಅಂತ. ಕೇಸಿನಲ್ಲಿ ಮುಖ್ಯವಾಗುವುದು ಇದೇ.

ಅದೇ ಆಲ್ಬಂನ ಉಳಿದ ಸೆಷನ್ ಕಲಾವಿದರು

ಹೋಲಿಸಲು ನಾವು ದೂರ ಹೋಗಬೇಕಿಲ್ಲ. ಅದೇ ಆಲ್ಬಂನಲ್ಲಿ ಡಿಕ್ ಪ್ಯಾರಿ ಸ್ಯಾಕ್ಸೊಫೋನ್ ನುಡಿಸಿದ್ದಾರೆ, ಎರಡು ಹಾಡುಗಳಲ್ಲಿ. ಡೋರಿಸ್ ಟ್ರಾಯ್, ಲೆಸ್ಲಿ ಡಂಕನ್, ಲೈಜಾ ಸ್ಟ್ರೈಕ್, ಬ್ಯಾರಿ ಸೇಂಟ್ ಜಾನ್ ಹಿನ್ನೆಲೆಯಲ್ಲಿ ಹಾಡಿದ್ದಾರೆ. ಯಾರ ಕೆಲಸವೂ ಕಡಿಮೆಯದಲ್ಲ. ಆದರೆ ಹಿನ್ನೆಲೆ ಗಾಯಕಿಯರು ಹಾಡಿದ್ದು ಬೇರೆಯವರು ಬರೆದ ಹಾಡಿಗೆ ಬೆಂಬಲವಾಗಿ. ಪ್ಯಾರಿಯ ಸೋಲೊಗಳು ಅದ್ಭುತ. ಅವನ್ನು ತೆಗೆದರೂ ಆ ಹಾಡುಗಳಿಗೆ ಮೆಲೊಡಿ ಇದೆ, ಸಾಹಿತ್ಯ ಇದೆ. ಬಡವಾಗುತ್ತವೆ, ಆದರೆ ಅದೇ ಹಾಡು ಅಂತ ಗುರುತು ಸಿಗುತ್ತದೆ.

ಟೋರಿಯ ಭಾಗ ತೆಗೆಯಿರಿ. ಉಳಿಯುವುದು ಚೆಂದದ ಪಿಯಾನೊ, ನಡುವೆ ಅಬ್ಬೆ ರೋಡ್‌ನ ಬಾಗಿಲು ಕಾಯುವವರೊಬ್ಬರು ಸಾವಿನ ಬಗ್ಗೆ ಆಡಿದ ಮಾತು. ಅಷ್ಟೇ.

ಇನ್ನೂ ಗಟ್ಟಿಯಾದ ಸಾಕ್ಷಿ ವೇದಿಕೆಯಲ್ಲಿದೆ. 1973ರ ನವೆಂಬರ್‌ನಲ್ಲಿ ಲಂಡನ್ನಿನ ರೇನ್‌ಬೋ ಥಿಯೇಟರ್‌ನಲ್ಲಿ, 1990ರಲ್ಲಿ ನೆಬ್‌ವರ್ತ್‌ನಲ್ಲಿ ಟೋರಿಯೇ ತಂಡದ ಜೊತೆ ಇದನ್ನು ಹಾಡಿದರು. ಉಳಿದ ಪ್ರವಾಸಗಳಲ್ಲಿ ಬೇರೆ ಗಾಯಕಿಯರು ಹಾಡಿದರು. 1994ರ ಪ್ರವಾಸದಲ್ಲಿ ಸ್ಯಾಮ್ ಬ್ರೌನ್, ಡುರ್ಗಾ ಮಕ್‌ಬ್ರೂಮ್, ಕ್ಲಾಡಿಯಾ ಫಾಂಟೇನ್ ಮೂವರೂ ಹಂಚಿಕೊಂಡು ಹಾಡಿದರು. ಒಬ್ಬರು ಎರಡೂವರೆ ಟೇಕ್‌ನಲ್ಲಿ ಹಾಡಿದ್ದನ್ನು ಮೂವರು ಹಂಚಿಕೊಳ್ಳಬೇಕಾಯಿತು ಅನ್ನುವುದು ಇರಲಿ. ಆ ಮೂವರು ಹಾಡಿದ್ದು ಏನನ್ನು? ತಮಗೆ ತೋಚಿದ ಹೊಸದನ್ನಲ್ಲ. ಟೋರಿ ಎಲ್ಲಿ ಏರಿದ್ದರೋ ಅಲ್ಲಿ ಏರಿದರು, ಎಲ್ಲಿ ಮುರಿದು ಇಳಿದಿದ್ದರೋ ಅಲ್ಲಿ ಇಳಿದರು. ಕೇಳಲು ಬಂದವರೂ ಅದನ್ನೇ ಕಾಯುತ್ತಿದ್ದರು. ಇನ್ನೊಬ್ಬರು ಕಲಿತು, ಒಪ್ಪಿಸಿ, ತಪ್ಪಿದರೆ ತಪ್ಪು ಅಂತ ಜನ ಗುರುತಿಸುವ ಸ್ವರಗಳ ಸಾಲು ಇದೆ ಅಂದಮೇಲೆ ಅದು ಬರೀ ಪರ್ಫಾರ್ಮೆನ್ಸ್ ಅಲ್ಲ, ಅದೊಂದು ರಚನೆ. ನನಗಂತೂ ಈ ವಿಷಯದಲ್ಲಿ ಅನುಮಾನವಿಲ್ಲ.

ಕನ್ನಡದ ಕೇಳುಗರಿಗೆ ಇದನ್ನು ಒಪ್ಪುವುದು ಕಷ್ಟವಾಗಬಾರದು. ನಮ್ಮ ಕಚೇರಿಗಳಲ್ಲಿ ಆಲಾಪನೆ ಇದೆ. ಸಾಹಿತ್ಯವಿಲ್ಲ, ಮೊದಲೇ ಬರೆದಿಟ್ಟದ್ದಲ್ಲ. ಆದರೂ ಅದನ್ನು ಹಾಡಿದವರ ಮನೋಧರ್ಮ ಅಂತ ಅವರ ಹೆಸರಿಗೇ ಬರೆಯುತ್ತೇವೆ, ತಂಬೂರಿ ಹಿಡಿದವರ ಹೆಸರಿಗಲ್ಲ. ಹೋಲಿಕೆಯನ್ನು ತೀರಾ ಎಳೆಯಬಾರದು, ಯಾಕೆಂದರೆ ರೈಟ್ ಅವರ ಕಾರ್ಡ್‌ಗಳು ತಂಬೂರಿಯ ಶ್ರುತಿಗಿಂತ ಎಷ್ಟೋ ದೊಡ್ಡ ಕೆಲಸ. ಆ ಕಾರ್ಡ್‌ಗಳು ಟೋರಿಯ ದನಿಗೆ ದಾರಿ ಮಾಡಿಕೊಟ್ಟವು. ಅದಕ್ಕೇ ಇಬ್ಬರ ಹೆಸರೂ ಬೇಕು.

ಕಾನೂನು ಏನು ಹೇಳುತ್ತಿತ್ತು

ಒಂದು ಹಾಡಿನ ರೆಕಾರ್ಡಿಂಗ್‌ನಲ್ಲಿ ಬೇರೆ ಬೇರೆ ಹಕ್ಕುಗಳು ಒಂದರ ಮೇಲೊಂದು ಕೂತಿರುತ್ತವೆ. ಸಂಗೀತ ರಚನೆಯ ಹಕ್ಕು ಒಂದು. ರೆಕಾರ್ಡಿಂಗ್‌ನ ಹಕ್ಕು ಇನ್ನೊಂದು, ಅದು ಸಾಮಾನ್ಯವಾಗಿ ಕಂಪನಿಯದ್ದು. ಹಾಡಿದವರ, ನುಡಿಸಿದವರ ಹಕ್ಕು ಮತ್ತೊಂದು. ಸೆಷನ್ ಫೀ ಕೊಟ್ಟಾಗ ತಂಡ ಸಾಮಾನ್ಯವಾಗಿ ಪಡೆಯುವುದು ಆ ಕಲಾವಿದರ ಸಮಯ, ಮತ್ತು ಅವರ ದನಿಯನ್ನು ರೆಕಾರ್ಡಿಂಗ್‌ನಲ್ಲಿ ಬಳಸುವ ಒಪ್ಪಿಗೆ. ರಚನೆಯ ಹಕ್ಕು ಅದರ ಜೊತೆ ತಾನಾಗಿ ಬಂದುಬಿಡುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. 1973ರ ಆ ಭಾನುವಾರ ಅಂಥ ಯೋಚನೆ ಯಾರಿಗೂ ಬಂದಿರಲಿಲ್ಲ, ಟೋರಿಗೂ ಬಂದಿರಲಿಲ್ಲ. ನಾಲ್ಕು ಜನ ಸೇರಿ ಮೋಸ ಮಾಡಿದರು ಅನ್ನುವ ಕಥೆ ಇದಲ್ಲ. ಸೆಷನ್‌ಗೆ ಬಂದವರು ಸಂಗೀತ ಕಟ್ಟುವುದಿಲ್ಲ, ಬರೀ ನುಡಿಸುತ್ತಾರೆ ಅನ್ನುವ ರೂಢಿ ಎಷ್ಟು ಗಟ್ಟಿಯಾಗಿತ್ತೆಂದರೆ, ಕಣ್ಣೆದುರೇ ಕಟ್ಟಿದಾಗಲೂ ಕಾಣಲಿಲ್ಲ.

ಟೋರಿಯ ಕೇಸಿಗೆ ಮುಂಚೆ ಇಂಗ್ಲೆಂಡಿನಲ್ಲಿ ಎರಡು ತೀರ್ಪುಗಳು ಬಂದಿದ್ದವು. ಎರಡೂ ಎರಡು ದಿಕ್ಕಿಗೆ ಎಳೆಯುತ್ತವೆ.

1999ರದ್ದು ಸ್ಪ್ಯಾಂಡೌ ಬ್ಯಾಲೆ ತಂಡದ ಜಗಳ. ಹಾಡುಗಳೆಲ್ಲ ಗ್ಯಾರಿ ಕೆಂಪ್ ಹೆಸರಿನಲ್ಲಿದ್ದವು. ನಾವೂ ಸೇರಿ ಕಟ್ಟಿದ್ದೇವೆ ಅಂತ ತಂಡದ ಉಳಿದವರಲ್ಲಿ ಮೂವರು ಕೋರ್ಟಿಗೆ ಹೋದರು, ಸೋತರು. ಕೆಂಪ್ ಹಾಡನ್ನು ಮೆಲೊಡಿ, ಕಾರ್ಡ್, ಸಾಹಿತ್ಯದ ಸಮೇತ ತಯಾರು ಮಾಡಿಕೊಂಡೇ ಬರುತ್ತಿದ್ದರು, ಉಳಿದವರು ಮಾಡಿದ್ದು ನುಡಿಸಾಣಿಕೆ ಅಂತ ಕೋರ್ಟ್ ಹೇಳಿತು. ಸ್ಯಾಕ್ಸೊಫೋನ್ ಸೋಲೊ ಕೂಡ ಹಾಡಿನ ರಚನೆಯಲ್ಲಿ ಪಾಲು ತಂದುಕೊಡಲಿಲ್ಲ. ಬರೀ ಈ ತೀರ್ಪನ್ನು ನೋಡಿದರೆ ಟೋರಿಗೆ ಆಸೆ ಇಟ್ಟುಕೊಳ್ಳಲು ಹೆಚ್ಚೇನಿಲ್ಲ.

ಇನ್ನೊಂದು ಅವರಿಗೆ ತೀರಾ ಹತ್ತಿರದ್ದು. ಬಾಬಿ ವ್ಯಾಲೆಂಟಿನೊ ಅನ್ನುವ ಹೆಸರಿನಲ್ಲಿ ನುಡಿಸುತ್ತಿದ್ದ ಪಿಟೀಲು ವಾದಕ ರಾಬರ್ಟ್ ಬೆಕಿಂಗ್‌ಹ್ಯಾಮ್. 1984ರಲ್ಲಿ ದ ಬ್ಲೂಬೆಲ್ಸ್ ತಂಡ 'ಯಂಗ್ ಅಟ್ ಹಾರ್ಟ್' ಹಾಡಿಗೆ ಅವರನ್ನು ಸೆಷನ್‌ಗೆ ಕರೆಸಿತ್ತು. ಸಂಭಾವನೆ 75 ಪೌಂಡ್. ಅವರು ಕಟ್ಟಿದ ಪಿಟೀಲಿನ ಸಾಲು ಹಾಡಿನ ಶುರುವಿನಲ್ಲೇ ಬರುತ್ತದೆ, ನಡುನಡುವೆ ಮತ್ತೆ ಮತ್ತೆ ಬರುತ್ತದೆ. 1993ರಲ್ಲಿ ಕಾರಿನ ಜಾಹೀರಾತೊಂದರಲ್ಲಿ ಹಾಡು ಬಂತು, ಮತ್ತೆ ಬಿಡುಗಡೆಯಾಯಿತು, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಆಗ ಅವರು ಪಾಲು ಕೇಳಿದರು. 2002ರಲ್ಲಿ ಹೈಕೋರ್ಟ್ ಅವರ ಪರ ನಿಂತಿತು. 2003ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬಂದ ಒಂದು ಮಾತು ಬಹಳ ಮುಖ್ಯ: ನಾವಿಬ್ಬರೂ ಸೇರಿ ರಚಿಸುತ್ತಿದ್ದೇವೆ ಅನ್ನುವ ಉದ್ದೇಶ ಆ ಹೊತ್ತಿನಲ್ಲಿ ಇಬ್ಬರಿಗೂ ಇರಬೇಕಾಗಿಲ್ಲ. ಸೇರಿ ಕೆಲಸ ಮಾಡಿದ್ದರೆ, ಕೊಟ್ಟದ್ದರಲ್ಲಿ ಸ್ವಂತಿಕೆ ಇದ್ದರೆ, ಅದು ಗಣನೀಯವಾಗಿದ್ದರೆ ಸಾಕು.

ಇದಾದ ಮರುವರ್ಷವೇ ಟೋರಿ ಕೇಸು ಹಾಕಿದರು. ಆ ತೀರ್ಪಿನ ಬಲ ಅವರಿಗಿತ್ತು ಅಂತ ಓದಿದರೆ ತಪ್ಪಾಗಲಾರದು. ಪಿಟೀಲಿನವರು ಈಗಾಗಲೇ ಇದ್ದ ಹಾಡಿಗೆ ಒಂದು ಸಾಲು ಸೇರಿಸಿದ್ದರು. ಟೋರಿ ಕೊಟ್ಟದ್ದು ಇಡೀ ಮೆಲೊಡಿಯನ್ನು.

31 ವರ್ಷ ಯಾಕೆ ಸುಮ್ಮನಿದ್ದರು?

ಈ ಪ್ರಶ್ನೆ ಅನೇಕರು ಕೇಳುತ್ತಾರೆ, ಕೇಳುವ ರೀತಿಯಲ್ಲೇ ಒಂದು ಆರೋಪ ಇರುತ್ತದೆ. ಆಲ್ಬಂ 1973ರ ಮಾರ್ಚ್‌ನಲ್ಲಿ ಬಂತು. ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 1973ರಿಂದ 1988ರ ನಡುವೆ 741 ವಾರ ಇತ್ತು. ಲೋಕದಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳಲ್ಲಿ ಒಂದು. ದುಡ್ಡಿನ ರಾಶಿ ನೋಡಿ ಆಮೇಲೆ ಬಂದರು ಅನ್ನುವುದು ಸುಲಭ.

ನನ್ನ ದೃಷ್ಟಿಯಲ್ಲಿ ಅದು ಸರಿಯಾದ ಓದು ಅಲ್ಲ. ಸೆಷನ್ ಕಲಾವಿದರು ಬದುಕುವುದು ಮುಂದಿನ ಕರೆಯ ಮೇಲೆ. ದೊಡ್ಡ ತಂಡ, ದೊಡ್ಡ ಕಂಪನಿ ಎರಡರ ಮೇಲೂ ಕೇಸು ಹಾಕಿದವರಿಗೆ ಮುಂದಿನ ಕರೆ ಬರುವುದು ಕಷ್ಟ. ವಕೀಲರ ಖರ್ಚು ಬೇರೆ. ಅದೂ ಅಲ್ಲದೆ 1973ರಲ್ಲಿ ಯಾವ ವಕೀಲರೂ ನಿಮ್ಮದು ಗೆಲ್ಲುವ ಕೇಸು ಅಂತ ಧೈರ್ಯವಾಗಿ ಹೇಳುವ ಸ್ಥಿತಿ ಇರಲಿಲ್ಲ. ಸೆಷನ್ ವಾದಕರು ಗೆದ್ದ ಆ ತೀರ್ಪು ಬರಲು ಮೂವತ್ತು ವರ್ಷ ಹಿಡಿಯಿತು.

ತಡವಾದ ಮಾತ್ರಕ್ಕೆ ಹಕ್ಕು ಸಾಯುತ್ತದೆಯೇ ಅನ್ನುವುದಕ್ಕೆ ಇಂಗ್ಲೆಂಡಿನ ಅತ್ಯುನ್ನತ ಉತ್ತರ ಬಂದಿದ್ದು ಟೋರಿಯ ರಾಜಿಯ ನಂತರ. 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಹಾಡಿನಲ್ಲಿ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್ ಕೋರ್ಟಿಗೆ ಹೋಗಿದ್ದು 2005ರಲ್ಲಿ. ಅವರು ಸೆಷನ್‌ಗೆ ಬಂದವರಲ್ಲ, ಪ್ರೊಕಾಲ್ ಹರಮ್ ತಂಡದ ಸದಸ್ಯರೇ. ಕೆಳಗಿನ ಕೋರ್ಟ್ ಸಂಗೀತದಲ್ಲಿ ಶೇಕಡಾ 40ರ ಪಾಲು ಕೊಟ್ಟಿತು. ಇಷ್ಟು ತಡವಾಗಿ ಬಂದವರಿಗೆ ರಾಯಲ್ಟಿ ಇಲ್ಲ ಅಂತ ಮೇಲ್ಮನವಿ ಕೋರ್ಟ್ ತಡೆಯಿತು. 2009ರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ತಿರುಗಿಸಿ ಫಿಶರ್ ಪರ ತೀರ್ಪು ಕೊಟ್ಟಿತು. ಹಾಡು ಬಂದು 40 ವರ್ಷ ದಾಟಿತ್ತು.

ರಾಜಿ, ಮತ್ತು ಅದರಿಂದ ಆದದ್ದು

2005ರ ರಾಜಿಯ ಹಣದ ವಿವರ ಗುಟ್ಟಾಗಿಯೇ ಉಳಿದಿದೆ. ವಾದ ಪ್ರತಿವಾದ ಪೂರ್ತಿ ನಡೆದು ವಿವರವಾದ ತೀರ್ಪು ಬಂದಿದ್ದರೆ ಮುಂದಿನ ಸೆಷನ್ ಕಲಾವಿದರಿಗೆ ಅದು ಆಧಾರವಾಗುತ್ತಿತ್ತು. ಅದು ಸಿಗಲಿಲ್ಲ ಅನ್ನುವ ಬೇಸರ ನನಗಿದೆ. ಹಾಗಂತ ಟೋರಿಯನ್ನು ದೂರಲು ಬರುವುದಿಲ್ಲ. ಅವರು ಬಂದಿದ್ದು ತಮ್ಮ ಪಾಲಿಗಾಗಿ.

ಜಂಟಿ ರಚನೆ ಅಂತಾದ ಮೇಲೆ ಇನ್ನೊಂದು ಬದಲಾವಣೆ ಆಗುತ್ತದೆ, ಅದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಬ್ರಿಟನ್ನಿನಲ್ಲಿ ರಚನೆಯ ಹಕ್ಕು ರಚಿಸಿದವರು ತೀರಿಕೊಂಡ ಮೇಲೆ 70 ವರ್ಷ ಇರುತ್ತದೆ. ರೈಟ್ 2008ರಲ್ಲಿ ತೀರಿಕೊಂಡರು. ಅವರೊಬ್ಬರದೇ ರಚನೆಯಾಗಿದ್ದರೆ 2078ರ ಕೊನೆಗೆ ಹಕ್ಕು ಮುಗಿಯುತ್ತಿತ್ತು. ಜಂಟಿ ರಚನೆಯಾದರೆ ಲೆಕ್ಕ ಶುರುವಾಗುವುದು ಕೊನೆಗೆ ಉಳಿದವರು ತೀರಿಕೊಂಡಾಗ. ಅಂದರೆ ಟೋರಿಯ ಹೆಸರು ಸೇರಿದ್ದರಿಂದ ರೈಟ್ ಅವರ ವಾರಸುದಾರರಿಗೂ ಹೆಚ್ಚು ವರ್ಷ ಪಾಲು ಬರುತ್ತದೆ.

ರಚನೆಯಲ್ಲಿ ಪಾಲಿಲ್ಲದ ಸೆಷನ್ ಕಲಾವಿದರಿಗೂ ಬ್ರಿಟನ್ನಿನಲ್ಲಿ ಈಗ ಸ್ವಲ್ಪ ಆಸರೆ ಇದೆ. 2013ರಲ್ಲಿ ಅಲ್ಲಿ ರೆಕಾರ್ಡಿಂಗ್ ಹಕ್ಕಿನ ಅವಧಿಯನ್ನು 50ರಿಂದ 70 ವರ್ಷಕ್ಕೆ ಏರಿಸಿದರು. ಜೊತೆಗೆ ಒಂದು ಷರತ್ತು ಹಾಕಿದರು. 50 ವರ್ಷ ದಾಟಿದ ರೆಕಾರ್ಡಿಂಗ್‌ಗಳಿಂದ ಬರುವ ಆದಾಯದಲ್ಲಿ ಶೇಕಡಾ 20ನ್ನು ಕಂಪನಿಗಳು ಒಂದೇ ಸಲದ ಸಂಭಾವನೆ ಪಡೆದ ಸೆಷನ್ ಕಲಾವಿದರಿಗಾಗಿ ತೆಗೆದಿಡಬೇಕು. 'ಡಾರ್ಕ್ ಸೈಡ್' 2023ರಲ್ಲಿ 50 ತುಂಬಿಸಿತು.

ಬೆಂಗಳೂರಿನ ತಂಡವೊಂದು ಹೀಗೆ ಕರೆಸಿದರೆ

ಬೆಂಗಳೂರಿನಲ್ಲಿ ರಾಕ್ ತಂಡಗಳು ಪಿಟೀಲು, ಕೊಳಲು, ತಬಲಾ, ಆಲಾಪ ಹಾಡುವವರನ್ನು ಸ್ಟುಡಿಯೊಗೆ ಕರೆಸುವುದು ದಿನನಿತ್ಯದ ಮಾತು. ಇಂಥವರಿಗೆ ಬರುವ ಸೂಚನೆಯೂ ಹೆಚ್ಚಾಗಿ ಟೋರಿಗೆ ಬಂದಂಥದ್ದೇ: ಟ್ರ್ಯಾಕ್ ಕೇಳಿ, ನಿಮಗೆ ತೋಚಿದ್ದು ಹಾಕಿ. ಹಾಗಾಗಿ ಈ ಪ್ರಕರಣ ನಮಗೆ ದೂರದ್ದಲ್ಲ.

ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಮೊದಲು ಸಂಗೀತ ಕೃತಿ ಅಂದರೆ ಬರೆದಿಟ್ಟದ್ದು, ಮುದ್ರಿಸಿದ್ದು ಅನ್ನುವ ಅರ್ಥವಿತ್ತು. 1994ರ ತಿದ್ದುಪಡಿ ಅದನ್ನು ಬದಲಿಸಿತು. ನೊಟೇಷನ್ ಇರಲಿ, ಬಿಡಲಿ, ಸಂಗೀತ ಕಟ್ಟಿದವರು ಸಂಯೋಜಕರೇ. ಬರೆಯದೆ ಹಾಡುವ ಪರಂಪರೆ ಇರುವ ದೇಶದಲ್ಲಿ ಇದು ಆಗಲೇಬೇಕಿದ್ದ ತಿದ್ದುಪಡಿ. ಇಬ್ಬರ ಕೊಡುಗೆಯನ್ನು ಒಂದರಿಂದ ಒಂದು ಬಿಡಿಸಲಾಗದಂತಿದ್ದರೆ ಅದು ಜಂಟಿ ಕೃತಿ ಅಂತಲೂ ಕಾಯ್ದೆ ಹೇಳುತ್ತದೆ. 2012ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಹಾಡಿನಲ್ಲಿ ಸಂಗೀತ, ಸಾಹಿತ್ಯ ಕಟ್ಟಿದವರು ತಮ್ಮ ರಾಯಲ್ಟಿಯ ಹಕ್ಕನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಬಿಟ್ಟರೆ ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ. ಹಾಡಿದವರು, ನುಡಿಸಿದವರಿಗೂ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕು ಬಂತು. ಅಂದರೆ 'ಒಂದೇ ಸಲದ ಪೇಮೆಂಟ್, ಎಲ್ಲಾ ಹಕ್ಕೂ ತಂಡಕ್ಕೆ' ಅಂತ ಸಹಿ ಹಾಕಿಸಿಕೊಂಡ ಕಾಗದವನ್ನು ನಂಬಿ ತಂಡ ನಿರಾಳವಾಗಿ ಕೂರುವ ಹಾಗಿಲ್ಲ.

ಹಾಗಾಗಿ ಕಲಾವಿದರನ್ನು ಕರೆಸುವಾಗ ಎರಡು ವಿಷಯ ಬೇರೆ ಬೇರೆ ಮಾತಾಡಬೇಕು ಅನ್ನುತ್ತೇನೆ. ಗಂಟೆಯ ಫೀ ಎಷ್ಟು ಅನ್ನೋದು ಒಂದು. ನೀವು ಇಲ್ಲಿ ಹೊಸದಾಗಿ ಕಟ್ಟಿದ್ದನ್ನು ಹಾಡಿನ ಮುಖ್ಯ ಎಳೆಯಾಗಿ ಉಳಿಸಿಕೊಂಡರೆ ಏನು ಅನ್ನೋದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸೆಷನ್ ಶುರುವಾಗುವ ಮೊದಲು ಸಿಗುವುದಿಲ್ಲ, ಯಾಕೆಂದರೆ ಏನು ಹುಟ್ಟುತ್ತದೆ ಅಂತ ಆಗ ಯಾರಿಗೂ ಗೊತ್ತಿರುವುದಿಲ್ಲ. ಟೇಕ್‌ಗಳನ್ನು ಆಯ್ದು ಜೋಡಿಸಿದ ಮೇಲೆ, ಮಿಕ್ಸ್ ಅಂತಿಮವಾಗುವ ಮುಂಚೆ, ಆ ಕಲಾವಿದರಿಗೆ ಫೋನ್ ಮಾಡಿ ಕರೆಸಿ, ಕೇಳಿಸಿ, ಆಗ ಪಾಲು ಮಾತಾಡಿ ಬರೆದುಕೊಳ್ಳುವುದು ಒಳ್ಳೆಯದು. ಟೋರಿಗೆ ತಮ್ಮ ದನಿ ಆಲ್ಬಂನಲ್ಲಿದೆ ಅಂತ ಅಂಗಡಿಯಲ್ಲಿ ಗೊತ್ತಾಯಿತು. ಆ ನಡುವಿನ ವಾರಗಳಲ್ಲಿ ಒಂದು ಫೋನ್ ಕರೆ ಹೋಗಿದ್ದರೆ 2004ರ ಕೇಸು ಬರುತ್ತಿರಲಿಲ್ಲ.